ಮಿಂಚಂಚೆಯ ಮುಚ್ಚಿದ ಬಾಗಿಲು

ಅಂಚೆಪೆಟ್ಟಿಗೆಗೆ ಹಾಕುವ ಲಕೋಟೆಯ ಮೇಲೆ ಕಳುಹಿಸಿದವರೆಂದು ಯಾರ ಹೆಸರನ್ನಾದರೂ ಬರೆಯಬಹುದು. ಅಂಚೆಯವರು ಅದನ್ನು ಪರೀಕ್ಷಿಸುವುದಿಲ್ಲ. ಮಿಂಚಂಚೆಯೂ ಹುಟ್ಟಿದ್ದು ಇದೇ ನಂಬಿಕೆಯ ಮೇಲೆ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಕಳುಹಿಸುವವರ ಗುರುತನ್ನು ದೃಢಪಡಿಸುವ ಏರ್ಪಾಡೇ ಇರಲಿಲ್ಲ. ಅಂದು ಜಾಲದಲ್ಲಿದ್ದವು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು, ಸೇನಾ ಕಚೇರಿಗಳು. ಅಪರಿಚಿತರ ಪತ್ರವನ್ನೂ ಪಡೆದು ಮುಂದಕ್ಕೆ ದಾಟಿಸುವ ಸರ್ವರಿಗೆ ‘ಓಪನ್ ರಿಲೇ’ ಎಂದು ಹೆಸರು. ದಾರಿಹೋಕರಿಗೆ ಅರವಟ್ಟಿಗೆ ಇಡುವಂತೆ, ಅದು ಅಂದಿನ ಸೌಜನ್ಯವಾಗಿತ್ತು.

ಈ ಸೌಜನ್ಯದ ದುರ್ಬಳಕೆಯ ಸೂಚನೆ ಮೊದಲೇ ಸಿಕ್ಕಿತ್ತು. 1978ರ ಮೇ ತಿಂಗಳಲ್ಲಿ ಕಂಪ್ಯೂಟರ್ ಕಂಪನಿಯೊಂದರ ಗ್ಯಾರಿ ಥರ್ಕ್ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಜಾಹೀರಾತನ್ನು ಕಳುಹಿಸಿದ್ದರು. 1990ರ ದಶಕದಲ್ಲಿ ಜಾಲವು ವ್ಯಾಪಾರಕ್ಕೆ ತೆರೆದುಕೊಂಡಾಗ ಅದು ಪ್ರವಾಹವಾಯಿತು. ಸ್ಪ್ಯಾಮ್ ಕಳುಹಿಸುವವರು ಪರರ ಸರ್ವರುಗಳನ್ನೇ, ಪರರ ಖರ್ಚಿನಲ್ಲೇ ಬಳಸಿದರು. 1999ರಲ್ಲಿ ಅನಧಿಕೃತ ರಿಲೇಯನ್ನು ತಡೆಯಬೇಕೆಂಬ ಶಿಫಾರಸೂ, ಬಳಕೆದಾರರ ಗುರುತು ಕೇಳುವ ವಿಧಾನವೂ ಪ್ರಕಟವಾದವು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಸಹಸ್ಥಾಪಕ ಜಾನ್ ಗಿಲ್ಮೋರ್ ಮಾತ್ರ ತಮ್ಮ ಸರ್ವರನ್ನು ತೆರೆದೇ ಇಟ್ಟರು. ಅದು ಕಪ್ಪುಪಟ್ಟಿಗಳಿಗೆ ಸೇರಿತು.

ಮುಂದೆ ಮೂರು ಬೀಗಗಳು ಬಂದವು. ಒಂದು ಡೊಮೇನಿನ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂದು ಸಾರುವ ಎಸ್‌ಪಿಎಫ್ 2006ರಲ್ಲಿ, ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕಿಮ್ 2007ರಲ್ಲಿ, ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್ 2015ರಲ್ಲಿ ದಾಖಲೆಯ ರೂಪ ಪಡೆದವು. 2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯಗೊಳಿಸಿತು.

ಈ ಬೀಗಗಳನ್ನು ನಾವು ದೂರಲಾರೆವು. ಬ್ಯಾಂಕಿನ ಹೆಸರಿನಲ್ಲಿ ಬರುವ ವಂಚನೆಯ ಪತ್ರಗಳನ್ನು ತಡೆಯುವಲ್ಲಿ ಅವುಗಳ ಪಾಲು ದೊಡ್ಡದು. ಇವುಗಳ ನಿಯಮಗಳೂ ಬಹಿರಂಗ. ಯಾರು ಬೇಕಾದರೂ ಪಾಲಿಸಬಹುದು. ತೊಡಕಿರುವುದು ಅದರಾಚೆಗೆ. ಗುರುತು ಸಾಬೀತಾದ ಮಾತ್ರಕ್ಕೆ ನಂಬಿಕೆ ದೊರೆಯುವುದಿಲ್ಲ. ಪರವೂರಿನಲ್ಲಿ ಬಾಡಿಗೆಮನೆ ಹುಡುಕಿದ ನಮಗೆ ಇದು ಗೊತ್ತಿರುವ ಸಂಗತಿಯೇ: ಕಾಗದಪತ್ರಗಳೆಲ್ಲ ಸರಿಯಿದ್ದರೂ ‘ನಿಮ್ಮನ್ನು ಬಲ್ಲವರು ಇಲ್ಲಿ ಯಾರಿದ್ದಾರೆ?’ ಎಂಬ ಪ್ರಶ್ನೆ ಉಳಿಯುತ್ತದೆ. ಹಾಗೆಯೇ ಪುಟ್ಟ ಸಂಘವೊಂದು ಸ್ವಂತ ಸರ್ವರಿನಿಂದ ಕಳುಹಿಸಿದ ಪತ್ರವು ಮೂರೂ ಪರೀಕ್ಷೆಗಳನ್ನು ಗೆದ್ದರೂ ಸ್ಪ್ಯಾಮಿನ ಬುಟ್ಟಿಗೆ ಬೀಳಬಹುದು. ಆ ತೀರ್ಪನ್ನು ಕೊಡುವ ಲೆಕ್ಕಾಚಾರ ಕೆಲವೇ ಕಂಪನಿಗಳ ಒಳಮನೆಯಲ್ಲಿದೆ. ಕಾರಣವನ್ನು ವಿವರವಾಗಿ ಹೇಳುವವರಿಲ್ಲ. ಬೇಸತ್ತ ಸಣ್ಣವರು ಅದೇ ಕಂಪನಿಗಳ ಗಿರಾಕಿಗಳಾಗುತ್ತಾರೆ.

ಹಳೆಯ ಅರವಟ್ಟಿಗೆಯನ್ನು ಮತ್ತೆ ಇಡಲಾಗದು. ಆದರೆ ಬಾಗಿಲು ತಟ್ಟಿ ಹೆಸರು ಹೇಳಿದವರನ್ನು ಹೊರಗೇ ನಿಲ್ಲಿಸುವುದಾದರೆ, ಏಕೆಂದು ತಿಳಿಸಿ, ಅವರ ಮಾತಿಗೂ ಕಿವಿಗೊಡುವ ಹೊಣೆ ಬೀಗದ ಕೈ ಹಿಡಿದವರ ಮೇಲಿದೆ.