ಸೆರಗಿಗೂ ಒಂದು ಕಾಯಿದೆ

ಸೊಲ್ಲಾಪುರ ರಸ್ತೆಯ ಮನೆಗೆ ನಾನು ಸೊಸೆಯಾಗಿ ಬಂದಾಗ ನಮ್ಮೂರು ಇನ್ನೂ ಬಿಜಾಪುರ, ವಿಜಯಪುರವಾದದ್ದು 2014ರಲ್ಲಿ. ಯಜಮಾನರದು ಯಾರೋ ಓಡಿಸಿ ಬಿಟ್ಟ ಹಳೆಯ ಮೋಟಾರ್ ಸೈಕಲ್ಲು. ಚೆಂದ ಕಾಣುವುದಿಲ್ಲವೆಂದು ಆ ಮಹಾಶಯರು ಹಿಂದಿನ ಗಾಲಿಯ ಜಾಳಿಗೆಯನ್ನು ಕಿತ್ತೊಗೆದಿದ್ದರು. ಒಂದು ಸಂಜೆ ತಿಕೋಟಾದ ಮದುವೆಗೆ ಹೊರಟೆವು. ಮನೆ ಬಿಟ್ಟು ಒಂದು ಫರ್ಲಾಂಗೂ ಆಗಿರಲಿಲ್ಲ, ಇಳಕಲ್ಲ ಸೀರೆಯ ಸೆರಗು ಗಾಲಿಗೆ ಸುತ್ತಿಕೊಂಡು ನನ್ನನ್ನು ಕೆಳಗೆಳೆಯಿತು. ಕಾಯಿಪಲ್ಲೆ ಮಾರುವ ಅಜ್ಜಿಯೊಬ್ಬಳು ಓಡಿಬಂದು ಕುಡುಗೋಲಿನಿಂದ ಸೆರಗು ಕೊಯ್ದಳು. ಮೊಣಕೈ ತರಚಿತು, ಜೀವ ಉಳಿಯಿತು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: “ಸೆರಗು ಸಂಭಾಳಿಸ್ಕೊಂಡು ಕೂಡಾಕ ಬರೂದಿಲ್ಲೇನ?”

ತಪ್ಪು ಸೆರಗಿನದೇ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದೆ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಹೆಂಗಸರು ಉದ್ದ ಲಂಗ ತೊಟ್ಟು ಸೈಕಲ್ ಹತ್ತತೊಡಗಿದಾಗ, ತಯಾರಕರು ನಡುವಿನ ಅಡ್ಡಗೊಳವೆಯನ್ನು ಕೆಳಗಿಳಿಸಿದರು, ಹಿಂದಿನ ಗಾಲಿಗೆ ದಾರದ ಬಲೆ ಕಟ್ಟಿದರು. 1946ರಲ್ಲಿ ಇಟಲಿಯಲ್ಲಿ ಬಂದ ವೆಸ್ಪಾ ಸ್ಕೂಟರಿನ ಮುಂಭಾಗ ಬಯಲಾಗಿತ್ತು. ಲಂಗದವರೂ ಸಲೀಸಾಗಿ ಹತ್ತಬಹುದಿತ್ತು. ಅಲ್ಲಿ ಯಂತ್ರವೇ ಉಡುಪಿಗೆ ಬಾಗಿತ್ತು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂರುವವರನ್ನು ನೆನೆಯಿತು: ಹಿಡಿಯಲು ಭದ್ರವಾದ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಕ್ಕಾದರೂ ಮರೆ ಇರಬೇಕು. ಅಲ್ಲಿರುವುದು ‘ಬಟ್ಟೆ’ ಎಂಬ ಮಾತು ಮಾತ್ರ. ಜನ ಕರೆಯುವುದು ‘ಸೀರೆ ಗಾರ್ಡ್’ ಎಂದೇ! ಯಾರಿಗಾಗಿ ಬಂತೆಂಬುದನ್ನು ಹೆಸರೇ ಹೇಳುತ್ತದೆ. ಅಂದರೆ ನನ್ನ ಸೆರಗಿನ ಪರವಾಗಿ ಕಾಯಿದೆಯೇ ಇತ್ತು. ನಮ್ಮ ಗಾಡಿಗೆ ಜಾಳಿಗೆ ಇರಲಿಲ್ಲ, ಅಷ್ಟೇ.

ಬಿದ್ದ ಮರುದಿನ ಗ್ಯಾರೇಜಿನ ಮೇಸ್ತ್ರಿ ಹೊಸ ಜಾಳಿಗೆ ತಂದ. ಕೂಡಲೇ ಕೂಡಿಸಲಿಲ್ಲ. “ವೈನಿ, ನೀವ ಒಮ್ಮಿ ಕುಂತು ತೋರಸ್ರಿ” ಎಂದ. ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತೆ. ಸೆರಗು ಎಲ್ಲಿ ಇಳಿಯುತ್ತದೆ, ಪಾದ ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಳತೆ ಮಾಡಿ, ಕಾಲಿಡುವ ಪಟ್ಟಿಯನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿದ. ಗಾಡಿಯ ವಿಷಯದಲ್ಲಿ ಕೂರುವವಳನ್ನೇ ಕೇಳಿದವನು ಅವನೊಬ್ಬನೇ.

ಈಗ ಮಗಳು ಓಡಿಸುತ್ತಾಳೆ, ನಾನು ಹಿಂದೆ. “ಅವ್ವಾ, ಸೆರಗು ಸಂಭಾಳಿಸ್ಕೊ” ಎನ್ನುತ್ತಾಳೆ. ನಾನು ಬಗ್ಗಿ ಗಾಲಿ ನೋಡುತ್ತೇನೆ. “ಮೊದಲ ಜಾಳಿಗಿ ಐತೇನ ಹೇಳು, ಆಮ್ಯಾಲೆ ಕೂಡ್ತೀನಿ.”