ವಕ್ರದಂತ ಚಿಕಿತ್ಸೆಯ ಇತಿಹಾಸದಲ್ಲಿ ಸ್ಥಿರ ಮತ್ತು ಚರ ಉಪಕರಣಗಳು

ಓರೆಯಾಗಿ ಬೆಳೆದ ಹಲ್ಲುಗಳನ್ನು ಸಾಲಿಗೆ ತರಲು ಇಂದು ಮುಖ್ಯವಾಗಿ ಎರಡು ಮಾರ್ಗಗಳಿವೆ. ಜನರು 'ಕ್ಲಿಪ್ಪು' ಎಂದು ಕರೆಯುವ ಬ್ರೇಸಸ್ ಮೊದಲನೆಯದು. ಒಂದೊಂದು ಹಲ್ಲಿನ ಮೇಲೂ ಬ್ರಾಕೆಟ್ ಎಂಬ ಚಿಕ್ಕ ಹಿಡಿಕೆಯನ್ನು ಅಂಟಿಸಿ, ಅವುಗಳ ಮೂಲಕ ತಂತಿಯನ್ನು ಹಾಯಿಸುವುದು ಅದರ ಕ್ರಮ. ಎರಡನೆಯದು ಅಲೈನರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಕವಚ. ಇಂತಹ ಕವಚಗಳ ಒಂದು ಸರಣಿಯನ್ನೇ ಸಿದ್ಧಪಡಿಸಿ, ಒಂದಾದ ಮೇಲೊಂದರಂತೆ ರೋಗಿಯು ತಾನೇ ಧರಿಸುತ್ತ ಹೋಗಬೇಕು. ಮೊದಲನೆಯದು ಹಳೆಯದು, ಎರಡನೆಯದು ಹೊಸದು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ ಎಂಬಷ್ಟರಿಂದಲೇ ಅನೇಕರು ಆಯ್ಕೆಯನ್ನು ಮುಗಿಸಿಬಿಡುತ್ತಾರೆ. ಇತಿಹಾಸವನ್ನು ನೋಡಿದರೆ ಈ ಭೇದವು ಅಷ್ಟು ಮುಖ್ಯವಾದುದಲ್ಲವೆಂದು ತಿಳಿಯುತ್ತದೆ. ಬಾಯಲ್ಲೇ ನಿಲ್ಲುವ ಸ್ಥಿರ ಉಪಕರಣ, ತೆಗೆದು ಹಾಕಬಹುದಾದ ಚರ ಉಪಕರಣ ಎಂಬ ಎರಡು ಪರಂಪರೆಗಳು ಬಹುಕಾಲದಿಂದ ಜೊತೆಜೊತೆಯಾಗಿ ನಡೆದುಬಂದಿವೆ. ಅವುಗಳ ನಡುವಣ ನಿಜವಾದ ವ್ಯತ್ಯಾಸವು ಹಲ್ಲಿನ ಮೇಲಣ ಹತೋಟಿ ಯಾರ ಕೈಯಲ್ಲಿರುತ್ತದೆ ಎಂಬುದರಲ್ಲಿದೆ. ಇದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ರಿ. ಶ. ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದ್ದಾನೆ. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಹುಟ್ಟಿದರೆ, ಹಾಲುಹಲ್ಲನ್ನು ಕಿತ್ತು, ಹೊಸ ಹಲ್ಲನ್ನು ಅದು ತನ್ನ ಸ್ಥಾನವನ್ನು ಸೇರುವವರೆಗೆ ಪ್ರತಿದಿನವೂ ಬೆರಳಿನಿಂದ ಒತ್ತಬೇಕೆಂಬುದು ಆತನ ಸಲಹೆ. ಇಲ್ಲಿ ಬೆರಳೇ ಉಪಕರಣ. ನಿತ್ಯವೂ ತಪ್ಪದೆ ಒತ್ತುವ ಶ್ರದ್ಧೆಯೇ ಚಿಕಿತ್ಸೆ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ತನ್ನ ದಂತವೈದ್ಯ ಗ್ರಂಥವನ್ನು ಪ್ರಕಟಿಸಿದಾಗ, ರಂಧ್ರಗಳುಳ್ಳ ಲೋಹದ ಪಟ್ಟಿಯೊಂದನ್ನು ಹಲ್ಲುಗಳಿಗೆ ದಾರದಿಂದ ಕಟ್ಟುವ ಕ್ರಮವನ್ನು ವಿವರಿಸಿದನು. ಇಲ್ಲಿ ಒತ್ತುವ ಕೆಲಸವು ಬೆರಳಿನಿಂದ ಲೋಹಕ್ಕೆ ವರ್ಗವಾಯಿತು. ರೋಗಿಯು ಮರೆತರೂ ಪಟ್ಟಿಯು ಮರೆಯದು. ಮುಂದೆ ಬಂದ ಉಪಕರಣಗಳೆಲ್ಲವೂ ಈ ಎರಡು ಮಾದರಿಗಳಲ್ಲಿ ಒಂದನ್ನು ಅನುಸರಿಸಿದುವೆಂದು ಹೇಳಿದರೆ ತಪ್ಪಾಗಲಾರದು.

ಹಲ್ಲು ಚಲಿಸುವುದು ಹೇಗೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ ನಾಯಿಗಳ ಹಲ್ಲುಗಳ ಮೇಲೆ ಪ್ರಯೋಗ ನಡೆಸಿ, ಬೇರಿನ ಯಾವ ಪಕ್ಕಕ್ಕೆ ಒತ್ತಡ ಬೀಳುವುದೋ ಅಲ್ಲಿ ದವಡೆಯ ಮೂಳೆ ಕರಗುವುದನ್ನೂ, ಸೆಳೆತವಿರುವ ಪಕ್ಕದಲ್ಲಿ ಹೊಸ ಮೂಳೆ ಬೆಳೆಯುವುದನ್ನೂ ಸೂಕ್ಷ್ಮದರ್ಶಕದಿಂದ ತೋರಿಸಿದನು. ಇದರ ತಾತ್ಪರ್ಯವನ್ನು ಗಮನಿಸಬೇಕು. ಮೂಳೆಗೆ ತಂತಿಯೆಂದೂ ಪ್ಲಾಸ್ಟಿಕ್ಕೆಂದೂ ಭೇದವಿಲ್ಲ. ಅದು ಬಲ್ಲುದು ಬಲದ ಪ್ರಮಾಣ, ಅದರ ದಿಕ್ಕು ಮತ್ತು ಅದು ಇರುವ ಕಾಲ ಇವುಗಳನ್ನು ಮಾತ್ರ.

ಸ್ಥಿರ ಉಪಕರಣಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವನು ಅಮೆರಿಕದ ಎಡ್ವರ್ಡ್ ಏಂಗಲ್ (1855–1930). ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳು ಪರಸ್ಪರ ಕೂಡುವ ರೀತಿಯನ್ನು ಆಧಾರವಾಗಿಟ್ಟುಕೊಂಡು 1899ರಲ್ಲಿ ಆತನು ಮಾಡಿದ ವರ್ಗೀಕರಣವು ಇಂದಿಗೂ ಬಳಕೆಯಲ್ಲಿದೆ. ಆತನ ಮೊದಮೊದಲಿನ ಉಪಕರಣಗಳು ಹಲ್ಲಿನ ತಲೆಯನ್ನು ವಾಲಿಸಬಲ್ಲವಾಗಿದ್ದುವೇ ಹೊರತು ಬೇರನ್ನು ಸರಿಸಲು ಸಮರ್ಥವಾಗಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಆತನು ಜೀವಿತದ ಕೊನೆಯ ವರ್ಷಗಳಲ್ಲಿ, ಎಂದರೆ 1920ರ ದಶಕದಲ್ಲಿ, 'ಎಡ್ಜ್‌ವೈಸ್' ಎಂಬ ಕ್ರಮವನ್ನು ರೂಪಿಸಿದನು. ಆಯತಾಕಾರದ ಗಾಡಿಯುಳ್ಳ ಬ್ರಾಕೆಟ್ಟಿನಲ್ಲಿ ಆಯತಾಕಾರದ ತಂತಿಯನ್ನು ಕೂರಿಸಿದಾಗ, ತಂತಿಯ ತಿರುಚು ಬೇರಿನವರೆಗೂ ಮುಟ್ಟುತ್ತದೆ. ಇಂದಿನ ಬ್ರೇಸಸ್ ಬಹುಮಟ್ಟಿಗೆ ಇದರ ಸಂತತಿಯೇ ಆಗಿದೆ.

ಇದೇ ಕಾಲದಲ್ಲಿ ಯೂರೋಪಿನ ದಾರಿ ಬೇರೆಯಾಗಿತ್ತು. ಅಲ್ಲಿ ಆಂಡ್ರೆಸೆನ್ ಮತ್ತು ಹಾಯ್ಪ್ಲ್ ಇಬ್ಬರೂ 1936ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ, ಬಾಯಲ್ಲಿ ಸಡಿಲವಾಗಿ ಕುಳಿತು ದವಡೆಯ ಸ್ನಾಯುಗಳ ಬಲವನ್ನೇ ಬಳಸುವ 'ಆಕ್ಟಿವೇಟರ್' ಎಂಬ ಚರ ಉಪಕರಣವು ಪ್ರಚಾರಕ್ಕೆ ಬಂದಿತು. ಈ ಭೇದಕ್ಕೆ ಶಾಸ್ತ್ರದೃಷ್ಟಿಯಷ್ಟೇ ಕಾರಣವಾಗಿರಲಿಲ್ಲ. ಅಂದಿನ ಸ್ಥಿರ ಉಪಕರಣಗಳಿಗೆ ಚಿನ್ನದ ಮಿಶ್ರಲೋಹ ಬೇಕಾಗಿತ್ತು. ಯೂರೋಪಿನಲ್ಲಿ ಅದು ದುರ್ಲಭವಾಗಿತ್ತು. ಸರಕಾರದ ನೆರವಿನಿಂದ ಬಹುಜನರಿಗೆ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ಒದಗಿಸಬೇಕಾದ ಒತ್ತಡವೂ ಅಲ್ಲಿತ್ತು. ಉಪಕರಣದ ಆಯ್ಕೆಯಲ್ಲಿ ಹಣಕಾಸು ಮತ್ತು ಸಮಾಜವ್ಯವಸ್ಥೆಗಳ ಪಾತ್ರವು ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ.

ಬ್ರೇಸಸ್ ಮುಂದೆ ಕ್ರಮೇಣ ಹಗುರವಾಯಿತು. ಚಿನ್ನದ ಸ್ಥಾನಕ್ಕೆ ತುಕ್ಕು ಹಿಡಿಯದ ಉಕ್ಕು ಬಂದಿತು. 1955ರಲ್ಲಿ ಮೈಕೆಲ್ ಬುವನೊಕೋರ್, ಆಮ್ಲದಿಂದ ಹಲ್ಲಿನ ಹೊರಪದರವನ್ನು ಒರಟುಗೊಳಿಸಿದರೆ ಅದರ ಮೇಲೆ ರಾಳವು ಭದ್ರವಾಗಿ ಅಂಟುವುದೆಂದು ತೋರಿಸಿದನು. ಇದರ ಫಲವಾಗಿ ಪ್ರತಿಯೊಂದು ಹಲ್ಲಿಗೂ ಲೋಹದ ಬಳೆ ತೊಡಿಸುವ ಪದ್ಧತಿ ಹಿಂದೆ ಸರಿದು, ಬ್ರಾಕೆಟ್ಟುಗಳನ್ನು ನೇರವಾಗಿ ಅಂಟಿಸುವುದು ಸಾಧ್ಯವಾಯಿತು. 1970ರ ದಶಕದಲ್ಲಿ ನಿಕೆಲ್–ಟೈಟೇನಿಯಂ ತಂತಿ ಬಳಕೆಗೆ ಬಂದು, ಮೃದುವಾದ ಬಲವನ್ನು ದೀರ್ಘಕಾಲ ಒದಗಿಸುವ ಅನುಕೂಲ ಒದಗಿತು.

ಅಲೈನರ್ ಕೂಡ ಜನರು ಭಾವಿಸುವಷ್ಟು ಹೊಸದಲ್ಲ. ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ 1945ರಲ್ಲಿಯೇ, ಬ್ರೇಸಸ್ ತೆಗೆದ ಮೇಲೆ ಉಳಿದ ಅಲ್ಪಸ್ವಲ್ಪ ದೋಷಗಳನ್ನು ಸರಿಪಡಿಸಲು ರಬ್ಬರಿನ ಕವಚವೊಂದನ್ನು ವರ್ಣಿಸಿದನು. ಇಂತಹ ಕವಚಗಳ ಸರಣಿಯಿಂದ ದೊಡ್ಡ ಚಲನೆಗಳನ್ನೂ ಸಾಧಿಸಬಹುದೆಂಬ ಆಲೋಚನೆಯೂ ಆತನಲ್ಲಿತ್ತು. 1964ರಲ್ಲಿ ಹೆನ್ರಿ ನಹೂಮ್ ನಿರ್ವಾತ ಯಂತ್ರದಿಂದ ಅಚ್ಚೊತ್ತಿದ ಪ್ಲಾಸ್ಟಿಕ್ ಕವಚವನ್ನು ವಿವರಿಸಿದನು. ಆದರೂ ಈ ಆಲೋಚನೆ ವ್ಯಾಪಕವಾಗಿ ಕಾರ್ಯರೂಪಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. ಪ್ರತಿಯೊಂದು ಹಂತಕ್ಕೂ ಅಚ್ಚಿನ ಹಲ್ಲುಗಳನ್ನು ಬಿಡಿಸಿ, ಮೇಣದಲ್ಲಿ ಕೈಯಿಂದಲೇ ಮರಳಿ ಜೋಡಿಸಬೇಕಾಗಿದ್ದುದೇ ಅಡ್ಡಿ. 1997ರಲ್ಲಿ ಸ್ಥಾಪಿತವಾದ ಅಲೈನ್ ಟೆಕ್ನಾಲಜಿ ಸಂಸ್ಥೆಯು ಈ ಶ್ರಮವನ್ನು ಗಣಕಯಂತ್ರಕ್ಕೆ ಒಪ್ಪಿಸಿತು. ಹೊಸದಾದುದು ತತ್ತ್ವವಲ್ಲ, ತಯಾರಿಕೆ.

ಗಣಕಯಂತ್ರದ ಪರದೆಯ ಮೇಲೆ ಹಲ್ಲು ಸರಿದಂತೆ ಬಾಯಲ್ಲಿಯೂ ಸರಿಯುತ್ತದೆಯೇ? 2009ರಲ್ಲಿ ಕ್ರಾವಿಟ್ಸ್ ಮತ್ತು ಸಹೋದ್ಯೋಗಿಗಳು ಮುಂಭಾಗದ ಹಲ್ಲುಗಳನ್ನು ಅಳೆದು ನೋಡಿದಾಗ, ಯೋಜಿಸಿದ ಚಲನೆಯಲ್ಲಿ ಸರಾಸರಿ ಶೇಕಡಾ 41ರಷ್ಟು ಮಾತ್ರ ಸಿದ್ಧಿಸಿತ್ತು. 2020ರಲ್ಲಿ ಪ್ರಕಟವಾದ ಮುಂದುವರಿದ ಅಧ್ಯಯನದಲ್ಲಿ ಇದು ಶೇಕಡಾ 50ಕ್ಕೆ ಏರಿತು. ಹಲ್ಲನ್ನು ವಾಲಿಸುವುದು ಕವಚಕ್ಕೆ ಸುಲಭ. ಹೊರಕ್ಕೆ ಎಳೆಯುವುದು, ಸುತ್ತು ತಿರುಗಿಸುವುದು, ಬೇರನ್ನು ಸರಿಸುವುದು ಕಠಿನ. ಇದಕ್ಕಾಗಿಯೇ ಹಲ್ಲಿನ ಮೇಲೆ ರಾಳದ ಚಿಕ್ಕ ಉಬ್ಬುಗಳನ್ನು ಅಂಟಿಸಿ ಕವಚಕ್ಕೆ ಹಿಡಿತ ಒದಗಿಸುತ್ತಾರೆ. ಹಲವು ಬಾರಿ ನಡುವೆ ಹೊಸ ಸರಣಿಯನ್ನೇ ತಯಾರಿಸಬೇಕಾಗುತ್ತದೆ. ಇದರಿಂದ ಅಲೈನರ್ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಕಾಗಿಲ್ಲ. ಸಾಧಾರಣವಾದ ಇಕ್ಕಟ್ಟು, ಹಲ್ಲುಗಳ ನಡುವಣ ಸಂದು ಮೊದಲಾದವುಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ತೆಗೆದು ಹಲ್ಲುಜ್ಜಬಹುದಾದ ಅನುಕೂಲವೂ ಅಲ್ಪವಾದುದಲ್ಲ.

ಆದರೆ ತೆಗೆಯಬಹುದೆಂಬ ಗುಣವೇ ಅದರ ದೌರ್ಬಲ್ಯವೂ ಹೌದು. ದಿನಕ್ಕೆ 20ರಿಂದ 22 ಗಂಟೆ ಧರಿಸಬೇಕೆಂಬ ನಿಯಮವನ್ನು ಪಾಲಿಸುವುದು ರೋಗಿಗೆ ಸೇರಿದ್ದು. ಸೆಲ್ಸಸನ ಬೆರಳು ಇಲ್ಲಿ ಮರಳಿ ಬಂದಿದೆ. ಇನ್ನೊಂದು ಅಪಾಯವನ್ನು ಇತ್ತೀಚಿನ ಚರಿತ್ರೆ ತೋರಿಸಿದೆ. 2014ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಸಂಸ್ಥೆಯು ವೈದ್ಯರ ಮುಖತಃ ಭೇಟಿಯಿಲ್ಲದೆಯೇ ಅಂಚೆಯ ಮೂಲಕ ಅಲೈನರುಗಳನ್ನು ಮನೆಗೆ ಕಳುಹಿಸುತ್ತಿತ್ತು. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿದಾಗ, ಚಿಕಿತ್ಸೆಯ ನಡುವೆ ಇದ್ದವರು ಅಲ್ಲಿಯೇ ನಿಲ್ಲಬೇಕಾಯಿತು. ಅರ್ಧ ಸರಿದ ಹಲ್ಲಿಗೆ ಹೊಣೆಗಾರರು ಯಾರೆಂಬ ಪ್ರಶ್ನೆಗೆ ಅವರಿಗೆ ಸುಲಭವಾದ ಉತ್ತರ ದೊರೆಯಲಿಲ್ಲ.

ಉಪಕರಣ ಯಾವುದಾದರೂ ಕೊನೆಗೆ ಎದುರಾಗುವ ಸಮಸ್ಯೆ ಒಂದೇ. 1981ರಲ್ಲಿ ಲಿಟ್ಲ್ ಮತ್ತು ಸಹೋದ್ಯೋಗಿಗಳು, ಹಲ್ಲು ಕಿತ್ತು ಬ್ರೇಸಸ್ ಹಾಕಿಸಿಕೊಂಡ 65 ಮಂದಿಯನ್ನು, ಅವರು ರೀಟೈನರ್ ಧರಿಸುವುದನ್ನು ಬಿಟ್ಟು 10 ವರ್ಷಗಳಾದರೂ ಕಳೆದ ಮೇಲೆ ಪರೀಕ್ಷಿಸಿದರು. ಕೆಳಗಿನ ಮುಂಭಾಗದ ಹಲ್ಲುಗಳ ಸಾಲು ತೃಪ್ತಿಕರವಾಗಿ ಉಳಿದುದು ಶೇಕಡಾ 30ಕ್ಕಿಂತ ಕಡಿಮೆ ಮಂದಿಯಲ್ಲಿ. ಹಲ್ಲನ್ನು ಸರಿಸುವುದಕ್ಕಿಂತ ಸರಿಸಿದಲ್ಲಿ ನಿಲ್ಲಿಸುವುದು ಕಷ್ಟ. ಸ್ಥಿರ ಉಪಕರಣವನ್ನು ಆರಿಸಿಕೊಂಡವನೂ ಕೊನೆಗೆ ಬಹುಮಟ್ಟಿಗೆ ತನ್ನ ಶ್ರದ್ಧೆಯನ್ನೇ ಅವಲಂಬಿಸಬೇಕು.

ಆದಕಾರಣ ಆಯ್ಕೆಯ ಸಂದರ್ಭದಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಆಗಬೇಕಾದ ಚಲನೆ ಬರಿಯ ವಾಲಿಕೆಯೋ, ಬೇರಿನ ಸ್ಥಾನಾಂತರವೋ? ದಿನಕ್ಕೆ 20 ಗಂಟೆಗಳಿಗೆ ಕಡಿಮೆಯಾಗದಂತೆ ಕವಚವನ್ನು ಧರಿಸುವ ದೃಢತೆ ರೋಗಿಗಿದೆಯೇ? ಆರಂಭದಿಂದ ಕೊನೆಯವರೆಗೆ ಬಾಯನ್ನು ಕಣ್ಣಾರೆ ನೋಡಿ ಹೊಣೆ ಹೊರುವ ತಜ್ಞರು ಇದ್ದಾರೆಯೇ? ಮೂರನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದಲ್ಲಿ, ಮೊದಲಿನ ಎರಡಕ್ಕೆ ಉತ್ತರ ಏನೇ ಇದ್ದರೂ ಚಿಕಿತ್ಸೆಯನ್ನು ಆರಂಭಿಸದಿರುವುದೇ ಲೇಸು.