ಕೋಲಾರದ ಗಣಿಯಲ್ಲಿ ಮ್ಯೂಆನ್ ಎಣಿಸಿದವರು

ಕೆಜಿಎಫ್ ಅಂದರೆ ಈಗ ಎಲ್ಲರಿಗೂ ಸಿನಿಮಾ ನೆನಪಾಗುತ್ತದೆ. ಅದೇ ಕೋಲಾರದ ಗಣಿಗೆ ಸುಮಾರು ನಾಲ್ಕು ದಶಕ ಚಿನ್ನಕ್ಕಲ್ಲದೆ ವಿಜ್ಞಾನಕ್ಕಾಗಿಯೂ ಜನ ಇಳಿದರು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ನಮ್ಮ ಓದುಗರಲ್ಲಿ ಬಹಳ ಮಂದಿಗೆ ಇದು ಗೊತ್ತಿರಲಿಕ್ಕಿಲ್ಲ.

ಅವರು ಎಣಿಸಿದ್ದು ಮ್ಯೂಆನ್ ಎಂಬ ಕಣಗಳನ್ನು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಇವು ಹುಟ್ಟುತ್ತವೆ. ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಸುಮಾರು ಒಂದು ಹಾದುಹೋಗುತ್ತಿರುತ್ತದೆ. ಬಂಡೆಯನ್ನೂ ತೂರುತ್ತವೆ. ಆದರೆ ಬಂಡೆ ದಪ್ಪವಾದಷ್ಟೂ ಆಚೆ ದಾಟುವವು ಕಡಿಮೆ.

ಎಷ್ಟು ಕಡಿಮೆ? 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಇದನ್ನು ಅಳೆಯಲು ಚಾಂಪಿಯನ್ ರೀಫ್ ಗಣಿಗೆ ಇಳಿದರು. ಬಂಡೆ ಸಿಡಿತಕ್ಕೆ ಹೆಸರಾಗಿದ್ದ ಗಣಿ ಅದು. 1960ರ ದಶಕದ ಆರಂಭದಲ್ಲಿ ಟಾಟಾ ಸಂಸ್ಥೆಯ ತಂಡ ಇನ್ನೂ ಆಳಕ್ಕೆ ಹೋಯಿತು. 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಸಿಗಲಿಲ್ಲ.

ಆ ನಿಶ್ಶಬ್ದವೇ ದಾರಿ ತೋರಿಸಿತು. 1965ರಲ್ಲಿ ಅಲ್ಲೇ, 2.3 ಕಿಲೋಮೀಟರ್ ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳಿಗೆ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು.

ಕೋಲಾರದಲ್ಲಿ ಬಂಡೆ ಎಷ್ಟು ದಪ್ಪ ಎಂದು ಗೊತ್ತಿತ್ತು, ಮ್ಯೂಆನ್ ಎಷ್ಟು ಬರುತ್ತದೆ ಎಂದು ತಿಳಿಯಬೇಕಿತ್ತು. ಈ ಲೆಕ್ಕವನ್ನು ತಿರುಗಿಸಿ ಹಾಕಿದರೆ, ಮ್ಯೂಆನ್ ಎಣಿಸಿ ಬಂಡೆಯ ಒಳಗನ್ನು ತಿಳಿಯಬಹುದು. ಜೋರು ಮಳೆಯಲ್ಲಿ ಹುಣಸೆಮರದ ಕೆಳಗೆ ನಿಂತವರಿಗೆ ಎಲ್ಲಿ ಹನಿ ಹೆಚ್ಚೋ ಅಲ್ಲಿ ಎಲೆ ವಿರಳ ಎಂದು ಗೊತ್ತಾಗುವುದಿಲ್ಲವೇ, ಹಾಗೆ. ಆಸ್ಟ್ರೇಲಿಯಾದಲ್ಲಿ ಇ.ಪಿ. ಜಾರ್ಜ್ 1955ರಲ್ಲೇ ಸುರಂಗವೊಂದರ ಮೇಲಿನ ಹೊರೆಯನ್ನು ಹೀಗೆ ಅಳೆದರು. ಜಪಾನಿನಲ್ಲಿ ಹಿರೋಯುಕಿ ತನಾಕಾ ತಂಡ ಅಸಾಮಾ ಜ್ವಾಲಾಮುಖಿಯ ಪಕ್ಕದಲ್ಲಿ ಉಪಕರಣ ಇಟ್ಟು, ಬೆಟ್ಟವನ್ನು ಅಡ್ಡಲಾಗಿ ತೂರಿ ಬಂದ ಮ್ಯೂಆನ್‌ಗಳಿಂದ ಅದರ ಬಾಯಿಯ ಒಳಚಿತ್ರವನ್ನು 2007ರಲ್ಲಿ ಪ್ರಕಟಿಸಿತು. ಆಸ್ಪತ್ರೆಯ ಎಕ್ಸ್‌ರೇ ಇದ್ದಂತೆ, ಆದರೆ ಯಂತ್ರದ ಕಿರಣ ಬೇಕಿಲ್ಲ, ಆಕಾಶವೇ ಕೊಡುತ್ತದೆ.

ಕೋಲಾರದ ಪ್ರಯೋಗಗಳು 1990ರ ದಶಕದಲ್ಲಿ ನಿಂತವು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು, ಸುರಂಗಗಳಿಗೆ ನೀರು ತುಂಬಿತು. ಚಿನ್ನ ತೆಗೆಯುವುದು ನಷ್ಟ ಎಂದು ಬಾಗಿಲು ಹಾಕಿದಾಗ, ಅಷ್ಟು ಆಳದ ಪ್ರಯೋಗಶಾಲೆಯೂ ಹೋಯಿತು. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಅಲ್ಲಿ ದುಡಿದವರ ಫಲಿತಾಂಶಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಉಳಿದಿವೆ. ನಮ್ಮ ಶಾಲೆಯ ಮಕ್ಕಳಿಗೂ ಈ ಕತೆ ಕನ್ನಡದಲ್ಲಿ ಸಿಗಲಿ ಎಂದು ಇಲ್ಲಿ ಬರೆದಿದ್ದೇವೆ.